ಮೇಘ ಗಣಕ: ಉನ್ನತ ಶಿಕ್ಷಣ ಸಂಸ್ಥೆಗಳ ಅನುಭವದಿಂದ ವರ್ತಕರು ಕಲಿಯಬೇಕಾದ ಪಾಠ

ಗಣಕಯಂತ್ರ ಮತ್ತು ಅಂತರಜಾಲಗಳು ವ್ಯಾಪಾರ ವಹಿವಾಟಿನ ಅವಿಭಾಜ್ಯ ಅಂಗವಾಗಿರುವ ಇಂದಿನ ದಿನಗಳಲ್ಲಿ, ಲೆಕ್ಕಪತ್ರ, ದಾಸ್ತಾನು, ಇನ್‌ವಾಯ್ಸ್, ವೇತನಪಟ್ಟಿ ಮೊದಲಾದವುಗಳನ್ನು ತಮ್ಮ ಕಚೇರಿಯ ಸರ್ವರಿನಲ್ಲಿ ಇಡಬೇಕೇ ಅಥವಾ 'ಕ್ಲೌಡ್' ಎಂದು ಕರೆಯಲ್ಪಡುವ ಬಾಡಿಗೆ ವ್ಯವಸ್ಥೆಗೆ ಒಪ್ಪಿಸಬೇಕೇ ಎಂಬ ಪ್ರಶ್ನೆಯನ್ನು ನಮ್ಮ ಸದಸ್ಯ ಬಾಂಧವರಲ್ಲಿ ಬಹುತೇಕರು ಎದುರಿಸುತ್ತಿದ್ದಾರೆ. ಮಾರಾಟ ಪ್ರತಿನಿಧಿಗಳು ಬಂದು ಹೇಳುವ ಮಾತು ಸಾಮಾನ್ಯವಾಗಿ ಒಂದೇ: ಯಂತ್ರ ಕೊಳ್ಳಬೇಕಾಗಿಲ್ಲ, ನಿರ್ವಹಣೆಯ ಚಿಂತೆಯಿಲ್ಲ, ಬಳಸಿದಷ್ಟಕ್ಕೆ ಮಾತ್ರ ಹಣ. ಈ ಮಾತಿನಲ್ಲಿ ಸತ್ಯವಿದೆ. ಆದರೆ ಅದು ಪೂರ್ಣ ಸತ್ಯವಲ್ಲ.

ಇದೇ ಮಾತನ್ನು ನಮಗಿಂತ ಬಹಳ ಮೊದಲೇ ಕೇಳಿ, ಒಪ್ಪಿ, ಅದರ ಲಾಭ ನಷ್ಟಗಳೆರಡನ್ನೂ ಅನುಭವಿಸಿದವರು ಒಬ್ಬರಿದ್ದಾರೆ. ಅವರೇ ವಿಶ್ವವಿದ್ಯಾಲಯಗಳು ಮತ್ತು ಕಾಲೇಜುಗಳು. ಸುಮಾರು 20 ವರ್ಷಗಳ ಅವರ ಅನುಭವವು ಸಣ್ಣ ಉದ್ಯಮಿಗಳಿಗೆ ಪುಕ್ಕಟೆಯಾಗಿ ದೊರೆಯುವ ಒಂದು ಪಾಠ. ಆ ಪಾಠವನ್ನು ಲೆಕ್ಕದ ಭಾಷೆಯಲ್ಲಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

1. ಮೇಘ ಗಣಕ ಎಂದರೇನು?

ಅಮೆರಿಕದ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು 2011ರಲ್ಲಿ ಪ್ರಕಟಿಸಿದ ವ್ಯಾಖ್ಯೆಯು ಇಂದಿಗೂ ಎಲ್ಲೆಡೆ ಬಳಕೆಯಲ್ಲಿದೆ. ಅದರಂತೆ ಮೇಘ ಗಣಕಕ್ಕೆ 5 ಲಕ್ಷಣಗಳಿರಬೇಕು: ಬೇಕೆಂದಾಗ ಬಳಕೆದಾರನೇ ಪಡೆಯುವ ಸೌಲಭ್ಯ, ಜಾಲದ ಮೂಲಕ ಎಲ್ಲಿಂದಲಾದರೂ ಬಳಕೆ, ಅನೇಕ ಗ್ರಾಹಕರಿಗೆ ಹಂಚಿಕೆಯಾಗುವ ಯಂತ್ರಸಮೂಹ, ಅಗತ್ಯಕ್ಕೆ ತಕ್ಕಂತೆ ಶೀಘ್ರವಾಗಿ ಹಿಗ್ಗುವ ಕುಗ್ಗುವ ಗುಣ, ಮತ್ತು ವಿದ್ಯುತ್ ಮೀಟರಿನಂತೆ ಬಳಕೆಯ ಅಳತೆ.

ಇದರಲ್ಲಿ 3 ಬಗೆಯ ಸೇವೆಗಳಿವೆ. ಕೈಗಾರಿಕಾ ವಸಾಹತುವಿನ ಉದಾಹರಣೆಯಿಂದ ಇವನ್ನು ಸುಲಭವಾಗಿ ಅರಿಯಬಹುದು. ಖಾಲಿ ಶೆಡ್ ಬಾಡಿಗೆಗೆ ಪಡೆದು ಯಂತ್ರಗಳನ್ನು ನಾವೇ ಕೂಡಿಸಿಕೊಳ್ಳುವುದು ಮೊದಲನೆಯದು. ಇಲ್ಲಿ ಸೇವಾದಾತನು ಸರ್ವರ್ ಮತ್ತು ಸಂಗ್ರಹ ಸ್ಥಳವನ್ನು ಮಾತ್ರ ಕೊಡುತ್ತಾನೆ. ಲೇತ್, ವಿದ್ಯುತ್ ಸಂಪರ್ಕ ಎಲ್ಲವೂ ಇರುವ ಶೆಡ್ ಪಡೆದು ನಮ್ಮ ಕೆಲಸವನ್ನು ನಾವು ಮಾಡುವುದು ಎರಡನೆಯದು. ಕಚ್ಚಾ ವಸ್ತುವನ್ನು ಕೊಟ್ಟು ಜಾಬ್ ವರ್ಕ್ ಮಾಡಿಸಿಕೊಂಡು ಸಿದ್ಧ ವಸ್ತುವನ್ನು ಪಡೆಯುವುದು ಮೂರನೆಯದು. ಇ-ಮೇಲ್, ಅಂತರಜಾಲದ ಮೂಲಕ ನಡೆಯುವ ಲೆಕ್ಕಪತ್ರ ತಂತ್ರಾಂಶ ಮೊದಲಾದವು ಈ ವರ್ಗಕ್ಕೆ ಸೇರುತ್ತವೆ. ಒಂದರಿಂದ ಮೂರರ ಕಡೆಗೆ ಹೋದಂತೆ ನಮ್ಮ ಶ್ರಮ ಕಡಿಮೆಯಾಗುತ್ತದೆ, ಹಾಗೆಯೇ ನಮ್ಮ ಹಿಡಿತವೂ ಕಡಿಮೆಯಾಗುತ್ತದೆ ಎಂಬುದು ಗಮನಿಸಬೇಕಾದ ಅಂಶ.

2. ಕಾಲೇಜುಗಳು ಮೇಘದ ಕಡೆಗೆ ಹೋದದ್ದೇಕೆ?

ಮುಖ್ಯ ಕಾರಣ ಏರುಪೇರಿನ ಬಳಕೆ. ವರ್ಷದ ಹೆಚ್ಚಿನ ದಿನಗಳಲ್ಲಿ ಕಾಲೇಜಿನ ಗಣಕ ವ್ಯವಸ್ಥೆಗೆ ಕೆಲಸ ಕಡಿಮೆ. ಪ್ರವೇಶಾತಿ, ಪರೀಕ್ಷಾ ಶುಲ್ಕದ ಕೊನೆಯ ದಿನ ಮತ್ತು ಫಲಿತಾಂಶದ ದಿನಗಳಲ್ಲಿ ಮಾತ್ರ ಸಾವಿರಾರು ವಿದ್ಯಾರ್ಥಿಗಳು ಏಕಕಾಲಕ್ಕೆ ಮುಗಿಬೀಳುತ್ತಾರೆ.

ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ಒಂದು ಸಂಸ್ಥೆಗೆ ವರ್ಷದಲ್ಲಿ 6 ದಿನ 10 ಯಂತ್ರಗಳ ಸಾಮರ್ಥ್ಯ ಬೇಕು, ಉಳಿದ 359 ದಿನ 1 ಯಂತ್ರ ಸಾಕು ಎಂದಿಟ್ಟುಕೊಳ್ಳೋಣ. 10 ಯಂತ್ರಗಳನ್ನೂ ಕೊಂಡರೆ ವರ್ಷಕ್ಕೆ 3,650 ಯಂತ್ರ-ದಿನಗಳಿಗೆ ಬಂಡವಾಳ ಹೂಡಿದಂತಾಯಿತು. ನಿಜವಾಗಿ ಬಳಕೆಯಾಗುವುದು 60 ಮತ್ತು 359 ಸೇರಿ 419 ಯಂತ್ರ-ದಿನ ಮಾತ್ರ. ಅಂದರೆ ಶೇ. 11.5ರಷ್ಟು. ಉಳಿದ ಬಂಡವಾಳ ಗೋದಾಮಿನಲ್ಲಿ ಕೊಳೆಯುವ ಸರಕಿನಂತೆ. ಇಂತಹ ಸಂಸ್ಥೆಗೆ ಬಾಡಿಗೆ ವ್ಯವಸ್ಥೆ ವರದಾನವೇ ಸರಿ.

ಎರಡನೆಯ ಕಾರಣ ಸಿಬ್ಬಂದಿ. ಇ-ಮೇಲ್ ಸರ್ವರನ್ನು ಹಗಲಿರುಳು ಕಾಯುವ ತಂತ್ರಜ್ಞರನ್ನು ಸಣ್ಣ ಪಟ್ಟಣದ ಕಾಲೇಜು ನೇಮಿಸಿಕೊಳ್ಳುವುದು ಕಷ್ಟ. ಮೂರನೆಯದಾಗಿ, 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಕಾರಣದಿಂದ ತರಗತಿಗಳು ಮುಚ್ಚಿದಾಗ, ಆಯ್ಕೆ ಮಾಡುವಷ್ಟು ಸಮಯವೇ ಇರಲಿಲ್ಲ. ಪಾಠ, ಹಾಜರಾತಿ, ಕಿರುಪರೀಕ್ಷೆ ಎಲ್ಲವೂ ಅಂತರಜಾಲಕ್ಕೆ ವರ್ಗವಾದವು. ಪಾಠಗಳ ಧ್ವನಿ-ಚಿತ್ರ ಮುದ್ರಣಗಳು ರಾಶಿಯಾಗಿ ಸೇರತೊಡಗಿದವು.

3. ಪುಕ್ಕಟೆ ಗೋದಾಮಿನ ಕಥೆ

ಗೂಗಲ್ ಸಂಸ್ಥೆಯು ಶಿಕ್ಷಣ ಸಂಸ್ಥೆಗಳಿಗಾಗಿ ಇ-ಮೇಲ್ ಮತ್ತಿತರ ಸೌಲಭ್ಯಗಳನ್ನು 2006ರಲ್ಲಿ ಉಚಿತವಾಗಿ ನೀಡಲಾರಂಭಿಸಿತು. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಕೆನಡಾದ ಲೇಕ್‌ಹೆಡ್ ವಿಶ್ವವಿದ್ಯಾಲಯಗಳು ಇದನ್ನು ಮೊದಲಿಗೆ ಸ್ವೀಕರಿಸಿದವುಗಳಲ್ಲಿ ಸೇರಿವೆ. 2014ರಲ್ಲಿ ಈ ಸೌಲಭ್ಯದೊಂದಿಗೆ ಮಿತಿಯಿಲ್ಲದ ಸಂಗ್ರಹ ಸ್ಥಳವನ್ನೂ ನೀಡಲಾಯಿತು. ಬೆಲೆ ಶೂನ್ಯ, ಸ್ಥಳ ಅಪರಿಮಿತ. ಇದಕ್ಕಿಂತ ಉತ್ತಮ ಕೊಡುಗೆಯನ್ನು ಯಾವ ಆಡಳಿತ ಮಂಡಳಿ ತಾನೇ ನಿರಾಕರಿಸೀತು? ಅನೇಕ ವಿಶ್ವವಿದ್ಯಾಲಯಗಳು ತಮ್ಮ ಸರ್ವರುಗಳನ್ನು ನಿಲ್ಲಿಸಿದವು. ಸಂಶೋಧಕರು ತಮ್ಮ ದತ್ತಾಂಶವನ್ನು ಅಲ್ಲಿಯೇ ಇಟ್ಟರು. ಹಳೆಯ ವಿದ್ಯಾರ್ಥಿಗಳಿಗೆ ಆಜೀವ ಇ-ಮೇಲ್ ವಿಳಾಸದ ಭರವಸೆ ಕೊಟ್ಟ ಸಂಸ್ಥೆಗಳೂ ಉಂಟು.

2021ರ ಫೆಬ್ರವರಿಯಲ್ಲಿ ಗೂಗಲ್ ತನ್ನ ನಿಯಮವನ್ನು ಬದಲಿಸಿತು. ಇಡೀ ಸಂಸ್ಥೆಗೆ ಒಟ್ಟು 100 ಟೆರಾಬೈಟ್ ಮಾತ್ರ ಉಚಿತ, ಹೆಚ್ಚು ಬೇಕಾದರೆ ಹಣ ತೆರಬೇಕು ಎಂದು ಪ್ರಕಟಿಸಿತು. ಹಳೆಯ ಗ್ರಾಹಕರಿಗೆ ಇದು 2022ರ ಜುಲೈನಿಂದ ಅನ್ವಯವಾಯಿತು. ಮೈಕ್ರೋಸಾಫ್ಟ್ ಸಂಸ್ಥೆಯೂ 2023ರಲ್ಲಿ ಇಂತಹುದೇ ಪ್ರಕಟಣೆ ಹೊರಡಿಸಿ, 2024ರ ಆಗಸ್ಟ್‌ನಿಂದ ಶಿಕ್ಷಣ ಸಂಸ್ಥೆಗಳಿಗೆ 100 ಟೆರಾಬೈಟ್ ಉಚಿತ ಮಿತಿಯನ್ನು ಜಾರಿಗೆ ತಂದಿತು. ಹಣ ತೆತ್ತು ಪಡೆದ ಪರವಾನಗಿಗಳಿಗೆ ತಕ್ಕಂತೆ ಮಾತ್ರ ಹೆಚ್ಚುವರಿ ಸ್ಥಳ.

100 ಟೆರಾಬೈಟ್ ಕೇಳುವುದಕ್ಕೆ ದೊಡ್ಡದು. ಆದರೆ 20,000 ಬಳಕೆದಾರರಿರುವ ವಿಶ್ವವಿದ್ಯಾಲಯದಲ್ಲಿ ಭಾಗಿಸಿದರೆ ತಲೆಗೆ 5 ಗಿಗಾಬೈಟ್ ಮಾತ್ರ ಬರುತ್ತದೆ. ಇಂದಿನ ಸಾಮಾನ್ಯ ಮೊಬೈಲ್ ಫೋನಿನಲ್ಲಿಯೂ ಇದರ ಹತ್ತಾರು ಪಟ್ಟು ಸ್ಥಳವಿರುತ್ತದೆ. ಮಿತಿಯನ್ನು ಬಹಳ ಹಿಂದೆಯೇ ದಾಟಿದ್ದ ಸಂಸ್ಥೆಗಳ ಮುಂದೆ ಉಳಿದ ದಾರಿಗಳು ಮೂರೇ: ಅಳಿಸುವುದು, ಬೇರೆಡೆಗೆ ಸಾಗಿಸುವುದು, ಹಣ ಕೊಡುವುದು. ಬಳಕೆದಾರರಿಗೆ ತಲಾ ಮಿತಿ ಹಾಕಲಾಯಿತು. ಹಳೆಯ ವಿದ್ಯಾರ್ಥಿಗಳ ಖಾತೆಗಳನ್ನು ಅನೇಕ ಕಡೆ ಮುಚ್ಚಲಾಯಿತು ಇಲ್ಲವೇ ಕುಗ್ಗಿಸಲಾಯಿತು. ಯಾವ ಕಡತ ಯಾರದು, ಯಾವುದು ಬೇಕು, ಯಾವುದು ಬೇಡ ಎಂದು ವಿಂಗಡಿಸುವುದಕ್ಕೇ ಸಿಬ್ಬಂದಿಯ ತಿಂಗಳುಗಟ್ಟಲೆ ಶ್ರಮ ವ್ಯಯವಾಯಿತು. ಈ ಶ್ರಮದ ಬೆಲೆ ಯಾವ ಮೂಲ ಅಂದಾಜುಪಟ್ಟಿಯಲ್ಲಿಯೂ ಇರಲಿಲ್ಲ.

ಇಲ್ಲಿ ಸೇವಾದಾತ ಸಂಸ್ಥೆಗಳನ್ನು ದೂರಿ ಫಲವಿಲ್ಲ. ಅವು ಕರಾರಿನ ಮೇರೆಗೆ, ಮುನ್ಸೂಚನೆ ಕೊಟ್ಟು, ತಮ್ಮ ವ್ಯಾಪಾರವನ್ನು ಮಾಡಿದವು. ತಪ್ಪಿದ್ದು ಗ್ರಾಹಕರ ಲೆಕ್ಕ. ಒಳಗೆ ಹೋಗುವ ಖರ್ಚನ್ನು ಲೆಕ್ಕ ಹಾಕಿದವರು ಹೊರಗೆ ಬರುವ ಖರ್ಚನ್ನು ಲೆಕ್ಕ ಹಾಕಿರಲಿಲ್ಲ. ಸರಕು ತುಂಬಿದ ಮೇಲೆ ಗೋದಾಮಿನ ಮಾಲೀಕ ಬಾಡಿಗೆ ಏರಿಸಿದರೆ ವರ್ತಕನ ಸ್ಥಿತಿ ಏನಾಗುವುದೆಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

4. ಸುರಕ್ಷತೆ: ಎರಡು ಘಟನೆಗಳು, ಒಂದು ನೀತಿ

ಮೇಘದಲ್ಲಿಟ್ಟದ್ದು ಎಂದೂ ಕಳೆಯುವುದಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಆಸ್ಟ್ರೇಲಿಯಾದಲ್ಲಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಕ್ಷೇತ್ರದ ನೌಕರರಿಗಾಗಿ ಆರಂಭವಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಉದಾಹರಣೆ ಇಲ್ಲಿ ಪ್ರಸ್ತುತ. 5 ಲಕ್ಷಕ್ಕೂ ಹೆಚ್ಚು ಸದಸ್ಯರುಳ್ಳ ಈ ನಿಧಿಯು ತನ್ನ ಗಣಕ ವ್ಯವಸ್ಥೆಯನ್ನು ಗೂಗಲ್ ಕ್ಲೌಡ್‌ಗೆ ವರ್ಗಾಯಿಸಿತ್ತು. 2024ರ ಮೇ ತಿಂಗಳಲ್ಲಿ ಅದರ ಒಂದು ಖಾಸಗಿ ಮೇಘ ವ್ಯವಸ್ಥೆ ತಾನಾಗಿಯೇ ಅಳಿಸಿಹೋಯಿತು. ವ್ಯವಸ್ಥೆಯನ್ನು ಸ್ಥಾಪಿಸುವಾಗ ಸೇವಾದಾತರ ಕಡೆಯವರು ಒಂದು ಅಂಕಣವನ್ನು ಖಾಲಿ ಬಿಟ್ಟಿದ್ದರು. ಗಣಕವು ಅದನ್ನು ನಿಗದಿತ ಅವಧಿಯ ಗುತ್ತಿಗೆ ಎಂದು ತಿಳಿದು, ಅವಧಿ ಮುಗಿದೊಡನೆ ಎಲ್ಲವನ್ನೂ ತೆರವುಗೊಳಿಸಿತು. ಸದಸ್ಯರು ಸುಮಾರು ಒಂದು ವಾರ ಕಾಲ ತಮ್ಮ ಖಾತೆಗಳನ್ನು ನೋಡಲಾಗಲಿಲ್ಲ. ಆದರೆ ಹಣವಾಗಲಿ ದಾಖಲೆಯಾಗಲಿ ನಷ್ಟವಾಗಲಿಲ್ಲ. ಏಕೆಂದರೆ ನಿಧಿಯು ಬೇರೊಬ್ಬ ಸೇವಾದಾತರ ಬಳಿಯೂ ಪ್ರತಿಗಳನ್ನು ಇಟ್ಟಿತ್ತು.

ಹಾಗೆಂದು ಸ್ವಂತ ಸರ್ವರೇ ಸುರಕ್ಷಿತ ಎಂದು ತೀರ್ಮಾನಿಸುವಂತಿಲ್ಲ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದಲ್ಲಿ 2021ರ ಡಿಸೆಂಬರ್‌ನಲ್ಲಿ, ಅಲ್ಲಿಯದೇ ಸೂಪರ್ ಕಂಪ್ಯೂಟರಿನ ಸಂಗ್ರಹದಿಂದ 77 ಟೆರಾಬೈಟ್ ದತ್ತಾಂಶ, ಸುಮಾರು 3.4 ಕೋಟಿ ಕಡತಗಳು, ಬ್ಯಾಕಪ್ ತಂತ್ರಾಂಶದಲ್ಲಿದ್ದ ದೋಷದಿಂದ ಅಳಿಸಿಹೋದವು. 14 ಸಂಶೋಧನಾ ತಂಡಗಳು ತೊಂದರೆಗೊಳಗಾದವು. ಕೆಲವು ತಂಡಗಳ ಕಡತಗಳನ್ನು ಮರಳಿ ಪಡೆಯಲಾಗಲೇ ಇಲ್ಲ. ದತ್ತಾಂಶವನ್ನು ಕಾಪಾಡಬೇಕಾದ ಸಾಧನವೇ ಅದನ್ನು ಅಳಿಸಿತೆಂಬುದು ವಿಪರ್ಯಾಸ.

ಎರಡೂ ಘಟನೆಗಳಿಂದ ಹೊರಡುವ ನೀತಿ ಒಂದೇ. ಸ್ಥಳ ಸ್ವಂತದ್ದೋ ಬಾಡಿಗೆಯದೋ ಎಂಬುದಕ್ಕಿಂತ, ಒಂದೇ ಕೈಯಲ್ಲಿ ಎಲ್ಲ ಪ್ರತಿಗಳೂ ಇವೆಯೇ ಎಂಬುದು ಮುಖ್ಯ. ಮುಖ್ಯ ದಾಖಲೆಗಳ ಒಂದು ಪ್ರತಿಯಾದರೂ ಬೇರೆ ಸ್ಥಳದಲ್ಲಿ, ಬೇರೆ ಹಿಡಿತದಲ್ಲಿ ಇರಬೇಕು. ಆ ಪ್ರತಿಯಿಂದ ಲೆಕ್ಕಪುಸ್ತಕವನ್ನು ಮರಳಿ ತೆರೆಯಲು ಸಾಧ್ಯವೇ ಎಂದು 3 ತಿಂಗಳಿಗೊಮ್ಮೆಯಾದರೂ ಪರೀಕ್ಷಿಸಬೇಕು. ತೆರೆದು ನೋಡದ ಬ್ಯಾಕಪ್, ಪರೀಕ್ಷಿಸದ ಅಗ್ನಿಶಾಮಕ ಯಂತ್ರದಂತೆ.

ನಷ್ಟವಲ್ಲದೆ ತಾತ್ಕಾಲಿಕ ಸ್ಥಗಿತವೂ ಉಂಟು. 2025ರ ಅಕ್ಟೋಬರ್ 20ರಂದು ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನ್ ಕ್ಲೌಡ್ ಕೇಂದ್ರದಲ್ಲಿ ದೋಷ ಉಂಟಾದಾಗ, ಅನೇಕ ವಿಶ್ವವಿದ್ಯಾಲಯಗಳು ಬಳಸುವ ಕ್ಯಾನ್ವಾಸ್ ಎಂಬ ಬೋಧನಾ ವ್ಯವಸ್ಥೆ ನಿಂತುಹೋಯಿತು. ವಿದ್ಯಾರ್ಥಿಗಳು ಪಾಠದ ಟಿಪ್ಪಣಿಗಳನ್ನು ಕೂಡ ತೆರೆಯಲಾಗಲಿಲ್ಲ. ಇಂತಹ ದಿನ ನಮ್ಮ ಕಾರ್ಖಾನೆಯ ಬಾಗಿಲಲ್ಲಿ ಸರಕು ತುಂಬಿದ ಲಾರಿ ನಿಂತಿದ್ದರೆ ಇನ್‌ವಾಯ್ಸ್ ಹೇಗೆ ಬರೆಯುವುದು ಎಂಬುದನ್ನು ಮೊದಲೇ ಯೋಚಿಸಿರಬೇಕು.

5. ಕಾನೂನಿನ ದೃಷ್ಟಿಯಲ್ಲಿ ಹೊಣೆ ಯಾರದು?

ಲೇಕ್‌ಹೆಡ್ ವಿಶ್ವವಿದ್ಯಾಲಯದ ಅಧ್ಯಾಪಕರು ತಮ್ಮ ಪತ್ರವ್ಯವಹಾರವು ಅಮೆರಿಕದ ಕಾನೂನಿನ ವ್ಯಾಪ್ತಿಗೆ ಒಳಪಡುತ್ತದೆಂದು ಆಕ್ಷೇಪಿಸಿ ವಿವಾದವನ್ನು ಮಧ್ಯಸ್ಥಿಕೆಗೆ ಒಯ್ದರು. 2009ರಲ್ಲಿ ತೀರ್ಪು ವಿಶ್ವವಿದ್ಯಾಲಯದ ಪರವಾಗಿ ಬಂದಿತಾದರೂ, ದತ್ತಾಂಶ ಇರುವ ದೇಶ ಯಾವುದು ಎಂಬ ಪ್ರಶ್ನೆ ಅಂದಿನಿಂದ ಎಲ್ಲ ಕರಾರುಗಳಲ್ಲಿಯೂ ಮುಖ್ಯವಾಗಿದೆ.

ನಮ್ಮ ದೇಶದಲ್ಲಿ ಈ ಕೆಳಕಂಡ ಅಂಶಗಳನ್ನು ಉದ್ಯಮಿಗಳು ಗಮನದಲ್ಲಿಡುವುದು ಅವಶ್ಯ.

ಅ) ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಣಪತ್ರ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳವರೆಗೆ ಕಾಪಾಡಬೇಕು. ಬಾಡಿಗೆ ಕರಾರು 12 ತಿಂಗಳದ್ದು, ಕಾನೂನಿನ ಹೊಣೆ 72 ತಿಂಗಳದ್ದು. ಈ ಅಂತರವನ್ನು ತುಂಬುವವರು ನಾವೇ.

ಆ) ನೋಂದಾಯಿತ ಕಂಪನಿಗಳು ಲೆಕ್ಕಪುಸ್ತಕಗಳನ್ನು ಸಾಮಾನ್ಯವಾಗಿ 8 ವರ್ಷ ಉಳಿಸಿಕೊಳ್ಳಬೇಕು. 2022ರ ಆಗಸ್ಟ್ ತಿಂಗಳ ತಿದ್ದುಪಡಿಯಂತೆ, ಗಣಕೀಕೃತ ಲೆಕ್ಕಪುಸ್ತಕಗಳ ಪ್ರತಿಯನ್ನು ಭಾರತದಲ್ಲಿಯೇ ಇರುವ ಸರ್ವರಿನಲ್ಲಿ ಪ್ರತಿದಿನವೂ ಇಡಬೇಕು. ವಿದೇಶೀ ಕ್ಲೌಡ್ ಬಳಸುವವರು ಇದನ್ನು ಮರೆಯುವಂತಿಲ್ಲ.

ಇ) 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಅದರ ಪ್ರಮುಖ ಹೊಣೆಗಾರಿಕೆಗಳು 18 ತಿಂಗಳ ನಂತರ ಜಾರಿಗೆ ಬರುವಂತೆ ವಿಧಿಸಲಾಗಿದೆ. ಗ್ರಾಹಕರ ಅಥವಾ ನೌಕರರ ವಿವರಗಳ ಸಂಸ್ಕರಣೆಯನ್ನು ಬೇರೆಯವರಿಗೆ ವಹಿಸಿದರೂ ಕಾನೂನಿನ ಹೊಣೆ ವಹಿಸಿಕೊಟ್ಟವರದೇ. ಸೂಕ್ತ ಸುರಕ್ಷತಾ ಕ್ರಮ ಕೈಗೊಳ್ಳದಿದ್ದರೆ ವಿಧಿಸಬಹುದಾದ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿಗಳು.

6. ಬಾಡಿಗೆಯೋ ಸ್ವಂತವೋ: ಒಂದು ಲೆಕ್ಕ

ಕಾಲೇಜಿಗೆ ಲಾಭವಾದದ್ದು ನಮಗೂ ಲಾಭವಾಗಲೇಬೇಕೆಂದಿಲ್ಲ. ಕಾಲೇಜಿನ ಬಳಕೆ ಏರುಪೇರಿನದು. ಬಹುತೇಕ ಸಣ್ಣ ಕೈಗಾರಿಕೆಗಳ ಬಳಕೆ ವರ್ಷವಿಡೀ ಸಮನಾದದ್ದು. ತಿಳಿವಳಿಕೆಗಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ.

ಸ್ವಂತ ಸರ್ವರಿನ ಬೆಲೆ 2,00,000 ರೂ., ಬಾಳಿಕೆ 5 ವರ್ಷ. ವರ್ಷಕ್ಕೆ ಸವಕಳಿ 40,000 ರೂ., ವಿದ್ಯುತ್ ಮತ್ತು ಬ್ಯಾಟರಿ 30,000 ರೂ., ದುರಸ್ತಿ ಕರಾರು 25,000 ರೂ., ಹೊರಗೆ ಇಡುವ ಪ್ರತಿಯ ವೆಚ್ಚ 10,000 ರೂ. ಒಟ್ಟು ವರ್ಷಕ್ಕೆ 1,05,000 ರೂ., 5 ವರ್ಷಕ್ಕೆ 5,25,000 ರೂ.

ಕ್ಲೌಡ್ ಬಾಡಿಗೆ ತಿಂಗಳಿಗೆ 8,000 ರೂ., ವರ್ಷಕ್ಕೆ 96,000 ರೂ. ಮೊದಲ ವರ್ಷ ಬಾಡಿಗೆಯೇ 9,000 ರೂ. ಅಗ್ಗ. ಆದರೆ ಬಾಡಿಗೆ ಪ್ರತಿವರ್ಷ ಶೇ. 10ರಂತೆ ಏರಿದರೆ 5 ವರ್ಷಗಳ ಮೊತ್ತ ಸುಮಾರು 5,86,000 ರೂ. ಆಗುತ್ತದೆ. ಆಗ ಸ್ವಂತದ್ದೇ ಸುಮಾರು 61,000 ರೂ. ಅಗ್ಗ. ಏರಿಕೆ ಇಲ್ಲದಿದ್ದರೆ ಬಾಡಿಗೆಯೇ 45,000 ರೂ. ಅಗ್ಗ. ಅಂದರೆ ತೀರ್ಮಾನವು ಇಂದಿನ ದರದ ಮೇಲೆ ನಿಂತಿಲ್ಲ, ನಾಳಿನ ದರ ಏರಿಕೆಗೆ ಕರಾರಿನಲ್ಲಿ ಮಿತಿ ಇದೆಯೇ ಎಂಬುದರ ಮೇಲೆ ನಿಂತಿದೆ. ಡಾಲರಿನಲ್ಲಿ ನಿಗದಿಯಾದ ದರವಾದರೆ ರೂಪಾಯಿಯ ವಿನಿಮಯ ದರವನ್ನೂ ಸೇರಿಸಿ ಲೆಕ್ಕ ಹಾಕಬೇಕು. ಸದಸ್ಯರು ಮೇಲಿನ ಅಂಕಿಗಳ ಸ್ಥಾನದಲ್ಲಿ ತಮ್ಮ ಅಂಕಿಗಳನ್ನು ಹಾಕಿ ನೋಡುವುದು ಸೂಕ್ತ.

ಹಬ್ಬದ ಕಾಲದಲ್ಲಿ ಮಾತ್ರ ಅಂತರಜಾಲದ ಮೂಲಕ ಹೆಚ್ಚು ಮಾರಾಟ ಮಾಡುವ ಸೀರೆ, ಸಿಹಿತಿಂಡಿ, ಉಡುಗೊರೆ ವಸ್ತುಗಳ ವರ್ತಕರ ಬಳಕೆ ಕಾಲೇಜಿನ ಫಲಿತಾಂಶದ ದಿನವನ್ನು ಹೋಲುತ್ತದೆ. ಅವರಿಗೆ ಬಾಡಿಗೆ ಹಿತಕರ. ಸರ್ವರನ್ನು ನೋಡಿಕೊಳ್ಳಲು ತಿಳಿದವರೇ ಇಲ್ಲದ ಕಚೇರಿಗೂ ಬಾಡಿಗೆಯೇ ಲೇಸು. ಒಂದೇ ಉದ್ಯಮದಲ್ಲಿ ಇ-ಮೇಲ್ ಮತ್ತು ಜಾಲತಾಣವನ್ನು ಮೇಘದಲ್ಲಿಟ್ಟು, ಉತ್ಪಾದನಾ ದಾಖಲೆಗಳನ್ನು ಕಾರ್ಖಾನೆಯಲ್ಲಿಯೇ ಇಡುವ ಮಿಶ್ರ ಪದ್ಧತಿಯೂ ಸಾಧ್ಯ.

7. ಕೂಡಿ ಕೊಳ್ಳುವ ಬಲ

ವಿಶ್ವವಿದ್ಯಾಲಯಗಳಿಂದ ಕಲಿಯಬೇಕಾದ ಒಳ್ಳೆಯ ಪಾಠವೂ ಒಂದಿದೆ. ಒಂಟಿಯಾಗಿ ದೊಡ್ಡ ಸೇವಾದಾತರೊಡನೆ ಚೌಕಾಸಿ ಮಾಡುವುದು ಅಸಾಧ್ಯವೆಂದರಿತ ಅವು ಒಟ್ಟಾಗಿ ಮಾತನಾಡಿದವು. ಅಮೆರಿಕದಲ್ಲಿ ಇಂಟರ್ನೆಟ್2 ಎಂಬ ವಿಶ್ವವಿದ್ಯಾಲಯಗಳ ಒಕ್ಕೂಟ ತನ್ನ ನೆಟ್ ಪ್ಲಸ್ ಕಾರ್ಯಕ್ರಮದ ಮೂಲಕ ಸದಸ್ಯರಿಗಾಗಿ ಷರತ್ತುಗಳನ್ನು ಮಾತುಕತೆಯಿಂದ ಗೊತ್ತುಪಡಿಸುತ್ತದೆ. ಯೂರೋಪಿನಲ್ಲಿ ಜಿಯಾಂಟ್ ಸಂಸ್ಥೆಯು 2019ರಲ್ಲಿ ಆರಂಭವಾದ ಓಸಿಆರ್‌ಇ ಯೋಜನೆಯ ಮೂಲಕ ಅನೇಕ ದೇಶಗಳ ಸಂಶೋಧನಾ ಮತ್ತು ಶಿಕ್ಷಣ ಸಂಸ್ಥೆಗಳಿಗೆ ಸಾಮಾನ್ಯ ಕರಾರನ್ನು ರೂಪಿಸಿತು. ದತ್ತಾಂಶವನ್ನು ಹೊರಗೆ ಒಯ್ಯುವಾಗ ತೆರಬೇಕಾದ ಶುಲ್ಕದ ವಿಷಯದಲ್ಲಿಯೂ ಬದಲಾವಣೆ ಬಂದಿದೆ. ಯೂರೋಪಿನ ಹೊಸ ದತ್ತಾಂಶ ಕಾಯಿದೆಯ ಹಿನ್ನೆಲೆಯಲ್ಲಿ ಗೂಗಲ್, ಅಮೆಜಾನ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು 2024ರಲ್ಲಿ, ತಮ್ಮನ್ನು ಬಿಟ್ಟುಹೋಗುವ ಗ್ರಾಹಕರಿಗೆ ಈ ಶುಲ್ಕವನ್ನು ಮನ್ನಾ ಮಾಡುವುದಾಗಿ ಪ್ರಕಟಿಸಿದವು. ಮನ್ನಾ ಪಡೆಯಲು ಮೊದಲೇ ಅರ್ಜಿ ಸಲ್ಲಿಸುವಂತಹ ಷರತ್ತುಗಳಿರುವುದರಿಂದ ಅವುಗಳನ್ನು ಓದಿಕೊಳ್ಳಬೇಕು.

ಕಚ್ಚಾ ವಸ್ತುವನ್ನು ಒಟ್ಟಾಗಿ ಕೊಂಡು ದರ ಇಳಿಸಿಕೊಳ್ಳುವುದು ನಮ್ಮ ವರ್ತಕ ಸಂಘಗಳಿಗೆ ಹೊಸತಲ್ಲ. ಒಂದೇ ಕೈಗಾರಿಕಾ ವಸಾಹತುವಿನ 20-30 ಘಟಕಗಳು ಒಂದೇ ಬಗೆಯ ಲೆಕ್ಕಪತ್ರ ಸೇವೆಯನ್ನು ಬೇರೆ ಬೇರೆಯಾಗಿ ಕೊಳ್ಳುವ ಬದಲು, ಒಂದೇ ಕರಾರುಪತ್ರದ ಮೇಲೆ ಮಾತನಾಡಿದರೆ ದರದಲ್ಲಿಯೂ ಷರತ್ತಿನಲ್ಲಿಯೂ ಅನುಕೂಲವಾದೀತು.

8. ಸಹಿ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆಗಳು

* ದರ ಎಷ್ಟು ಕಾಲ ಸ್ಥಿರ? ಅನಂತರದ ಏರಿಕೆಗೆ ಗರಿಷ್ಠ ಮಿತಿ ಇದೆಯೇ?

* ಉಚಿತ ಅಥವಾ ಅಪರಿಮಿತ ಎಂಬ ಮಾತು ಕರಾರಿನಲ್ಲಿದೆಯೇ, ಕೇವಲ ಜಾಹೀರಾತಿನಲ್ಲಿದೆಯೇ? ಅದನ್ನು ಹಿಂತೆಗೆದುಕೊಳ್ಳುವ ಮುನ್ನ ಎಷ್ಟು ತಿಂಗಳ ಸೂಚನೆ ಕೊಡಬೇಕು?

* ದತ್ತಾಂಶ ಇರುವುದು ಯಾವ ದೇಶದಲ್ಲಿ? ದೈನಂದಿನ ಪ್ರತಿ ಭಾರತದಲ್ಲಿ ಉಳಿಯುತ್ತದೆಯೇ?

* ಕರಾರು ಮುಗಿದಾಗ ನಮ್ಮ ದಾಖಲೆಗಳು ಯಾವ ರೂಪದಲ್ಲಿ ಕೈಗೆ ಬರುತ್ತವೆ? ಬೇರೆ ತಂತ್ರಾಂಶದಲ್ಲಿ ತೆರೆಯಬಹುದಾದ ರೂಪವೇ? ಅದಕ್ಕೆ ಶುಲ್ಕವೆಷ್ಟು?

* ಹಣ ಪಾವತಿ ತಡವಾದರೆ ಖಾತೆ ಎಷ್ಟು ದಿನಗಳಲ್ಲಿ ಮುಚ್ಚುತ್ತದೆ, ಎಷ್ಟು ದಿನಗಳಲ್ಲಿ ಅಳಿಸಿಹೋಗುತ್ತದೆ?

* ಮುಖ್ಯ ಖಾತೆಯ ಗುಪ್ತಪದ ಯಾರ ಬಳಿಯಿದೆ? ಅಳವಡಿಸಿಕೊಟ್ಟ ಏಜೆಂಟರ ಬಳಿಯೇ, ಮಾಲೀಕರ ಬಳಿಯೇ?

ಕೊನೆಯ ಪ್ರಶ್ನೆ ಚಿಕ್ಕದಾಗಿ ಕಂಡರೂ ಅತಿ ಮುಖ್ಯವಾದುದು. ಗೋದಾಮಿನ ಬೀಗದ ಕೈ ಗುಮಾಸ್ತನ ಬಳಿ ಮಾತ್ರ ಇರಲು ಯಾವ ವರ್ತಕನೂ ಬಿಡುವುದಿಲ್ಲ.

ಮೇಘ ಗಣಕವನ್ನು ನಿರಾಕರಿಸಬೇಕೆಂಬುದು ಈ ಲೇಖನದ ಅಭಿಪ್ರಾಯವಲ್ಲ. ಕೋವಿಡ್ ಕಾಲದಲ್ಲಿ ಅದಿಲ್ಲದಿದ್ದರೆ ಅಸಂಖ್ಯಾತ ವಿದ್ಯಾರ್ಥಿಗಳ ಪಾಠ ನಿಂತುಹೋಗುತ್ತಿತ್ತು. ಆದರೆ ಅದು ದಾನವಲ್ಲ, ವ್ಯಾಪಾರ. ವಿಶ್ವವಿದ್ಯಾಲಯಗಳು ಒಳಗೆ ಹೋದ ಹಲವು ವರ್ಷಗಳ ನಂತರ ಬಾಗಿಲು ಎಲ್ಲಿದೆಯೆಂದು ಹುಡುಕಿದವು. ನಮ್ಮ ಸದಸ್ಯರು ಒಳಗೆ ಕಾಲಿಡುವ ಮೊದಲೇ ಹೊರಬರುವ ಬಾಗಿಲನ್ನು ನೋಡಿಕೊಂಡು, ಅದರ ವೆಚ್ಚವನ್ನು ಮೊದಲ ದಿನದ ಲೆಕ್ಕದಲ್ಲಿಯೇ ಬರೆದುಕೊಂಡರೆ, ಈ ಹೊಸ ಸೌಲಭ್ಯವು ನಿಶ್ಚಯವಾಗಿ ಲಾಭದಾಯಕವಾಗುತ್ತದೆ.